ಸೆನೆಟ್ಟಿನ ಹರಿಕಾರ ಐಸಾಕ್ ಬ್ಯಾಸೆಟ್

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು, ಅದರ ಮೇಲ್ಮನೆಗೆ ಸೆನೆಟ್ ಎಂದು ಹೆಸರು. ಇಷ್ಟು ನಮ್ಮ ರಾಜ್ಯಶಾಸ್ತ್ರದ ಪುಸ್ತಕದಲ್ಲಿದೆ. ಪುಸ್ತಕದಲ್ಲಿಲ್ಲದ ಒಂದು ಸಂಗತಿ ಎಂದರೆ, ಆ ಸೆನೆಟ್ಟಿನಲ್ಲಿ ನಮ್ಮ ವಯಸ್ಸಿನವರಿಗೆ ಒಂದು ಕೆಲಸವಿದೆ. ಹದಿನಾರು, ಹದಿನೇಳು ವರ್ಷದ ಹೈಸ್ಕೂಲ್ ವಿದ್ಯಾರ್ಥಿಗಳು ಕಡುನೀಲಿ ಕೋಟು ತೊಟ್ಟು ಅಧ್ಯಕ್ಷಪೀಠದ ಮೆಟ್ಟಿಲುಗಳ ಮೇಲೆ ಕುಳಿತಿರುತ್ತಾರೆ. ಸದಸ್ಯರಿಗೆ ಮಸೂದೆಯ ಪ್ರತಿ ಬೇಕಾದರೆ, ತಿದ್ದುಪಡಿಯ ಕಾಗದವನ್ನು ಮೇಜಿಗೆ ತಲುಪಿಸಬೇಕಾದರೆ, ಮಾತನಾಡುವವರಿಗೆ ಒಂದು ಲೋಟ ನೀರು ಬೇಕಾದರೆ ಇವರು ಎದ್ದು ಓಡಾಡುತ್ತಾರೆ. ಇವರನ್ನು ‘ಪೇಜ್’ ಎನ್ನುತ್ತಾರೆ. ಪುಸ್ತಕದ ಪುಟಕ್ಕೂ ಈ ಪೇಜ್‌ಗೂ ಸಂಬಂಧವಿಲ್ಲ. ನಮ್ಮ ಹಳೆಯ ಕನ್ನಡದಲ್ಲಿ ಹೇಳುವುದಾದರೆ ಹರಿಕಾರ, ಓಲೆಕಾರ. ನಮ್ಮ ಲೋಕಸಭೆಯ ಕಲಾಪವನ್ನು ಟಿವಿಯಲ್ಲಿ ನೋಡುವವರಿಗೆ ಸಮವಸ್ತ್ರ ತೊಟ್ಟ ಸಿಬ್ಬಂದಿ ಚೀಟಿ ಹಿಡಿದು ನಡೆಯುವುದು ಗೊತ್ತಿರುತ್ತದೆ. ಅಲ್ಲಿ ಆ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟಿದ್ದಾರೆ.

ಈ ಪದ್ಧತಿಯ ಮೂಲ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಐಸಾಕ್ ಬ್ಯಾಸೆಟ್. ಅವರ ಕಾಲದ ವಾಷಿಂಗ್ಟನ್ ನಗರದಲ್ಲಿ ಅವರನ್ನು ಅರಿಯದವರು ಕಡಿಮೆ. ಉದ್ದನೆಯ ಬಿಳಿ ಗಡ್ಡ, ಬಿಳಿ ಕೂದಲಿನ ಆ ಮುದುಕರನ್ನು ನೋಡಲೆಂದೇ ಗ್ಯಾಲರಿಗೆ ಬಂದ ಜನ ಬೆರಳು ಮಾಡಿ ತೋರಿಸುತ್ತಿದ್ದರಂತೆ. ಫ್ರೀಮನ್ ಥಾರ್ಪ್ ಎಂಬ ಕಲಾವಿದ 1876ರಲ್ಲಿ ಅವರ ತೈಲಚಿತ್ರ ಬರೆದಿದ್ದಾನೆ, ಅದು ಇಂದಿಗೂ ಸೆನೆಟ್ಟಿನ ಸಂಗ್ರಹದಲ್ಲಿದೆ. ಆದರೂ ಅವರು ಒಂದು ಚುನಾವಣೆಗೂ ನಿಂತವರಲ್ಲ, ಒಂದು ಭಾಷಣವನ್ನೂ ಸದನದಲ್ಲಿ ಮಾಡಿದವರಲ್ಲ.

ಬ್ಯಾಸೆಟ್ ಹುಟ್ಟಿದ್ದು 1819ರಲ್ಲಿ, ವಾಷಿಂಗ್ಟನ್ನಿನಲ್ಲೇ. ತಂದೆ ಸೈಮಿಯನ್ ಬ್ಯಾಸೆಟ್ ಸೆನೆಟ್ಟಿನಲ್ಲಿ ಮೆಸೆಂಜರ್, ಅಂದರೆ ಕಾಗದಪತ್ರ ತಲುಪಿಸುವ ನೌಕರ. ತಂದೆಯ ಕೈ ಹಿಡಿದು ಆ ಕಟ್ಟಡದೊಳಗೆ ಹೋಗಿಬರುತ್ತಿದ್ದ ಹುಡುಗನಿಗೆ ಅಲ್ಲಿನ ಮೂಲೆ ಮೂಲೆಯೂ ಪರಿಚಯವಿದ್ದಿರಬೇಕು. ಆಗ ಸೆನೆಟ್ಟಿನಲ್ಲಿ ಒಬ್ಬನೇ ಪೇಜ್ ಇದ್ದ. ಗ್ರಾಫ್ಟನ್ ಹ್ಯಾನ್ಸನ್ ಎಂಬ ಆ ಹುಡುಗನನ್ನು 1829ರಲ್ಲಿ ನೇಮಿಸಿಕೊಂಡಾಗ ಅವನಿಗೆ ಬರೀ ಒಂಬತ್ತು ವರ್ಷ, ಅವನ ಅಜ್ಜ ಸೆನೆಟ್ಟಿನ ಸಾರ್ಜೆಂಟ್ ಅಟ್ ಆರ್ಮ್ಸ್. ಅವನ ನೇಮಕದ ಹಿಂದೆ ಇದ್ದವರು ಮ್ಯಾಸಚೂಸೆಟ್ಸ್‌ನ ಸೆನೆಟರ್ ಡೇನಿಯಲ್ ವೆಬ್‌ಸ್ಟರ್. ಆ ಕಾಲದ ಮಹಾ ವಾಗ್ಮಿ ಎಂದರೆ ಅವರೇ. ಎರಡು ವರ್ಷ ಕಳೆದ ಮೇಲೆ ಅವರೇ ಎರಡನೆಯ ಹುಡುಗನ ಹೆಸರನ್ನೂ ಸೂಚಿಸಿದರು. ಹಾಗೆ 1831ರ ಡಿಸೆಂಬರ್ 5ರಂದು, ಹನ್ನೆರಡನೆಯ ವಯಸ್ಸಿನಲ್ಲಿ, ಐಸಾಕ್ ಬ್ಯಾಸೆಟ್ ಕೆಲಸಕ್ಕೆ ಸೇರಿದ.

ಹನ್ನೆರಡು ವರ್ಷ ಎಂದರೆ ನಮ್ಮಲ್ಲಿ ಆರನೆಯದೋ ಏಳನೆಯದೋ ತರಗತಿ. ಇಂದು ನಮ್ಮ ದೇಶದ ಕಾನೂನಿನ ಪ್ರಕಾರ ಹದಿನಾಲ್ಕು ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಆಗಿನ ಪೇಜ್ ಹುಡುಗರಿಗೆ ಶಾಲೆಯ ವ್ಯವಸ್ಥೆ ಏನೂ ಇರಲಿಲ್ಲ. ಕಾಂಗ್ರೆಸ್ಸಿನ ಪೇಜ್‌ಗಳ ವಿದ್ಯಾಭ್ಯಾಸವನ್ನು ಸರ್ಕಾರವೇ ಕಾಯಿದೆ ಮಾಡಿ ವಹಿಸಿಕೊಂಡದ್ದು 1946ರಲ್ಲಿ, ಬ್ಯಾಸೆಟ್ ಸೇರಿದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಕಾನೂನು ಮಾಡುವ ಮನೆಯೊಳಗೇ ಮಕ್ಕಳು ಶಾಲೆ ಬಿಟ್ಟು ದುಡಿಯುತ್ತಿದ್ದರು. ಬ್ಯಾಸೆಟ್‌ರ ಕಥೆಯನ್ನು ಚೆಂದದ ಕಥೆಯಾಗಿ ಹೇಳುವವರು ಈ ಮಾತನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ನನಗೆ ದಾಟಿಹೋಗಲು ಆಗಲಿಲ್ಲ.

ಆಗಿನ ಸೆನೆಟ್ ಚಿಕ್ಕದು. ಇಪ್ಪತ್ತನಾಲ್ಕು ರಾಜ್ಯ, ರಾಜ್ಯಕ್ಕೆ ಇಬ್ಬರಂತೆ ನಲವತ್ತೆಂಟು ಸದಸ್ಯರು. ಅವರು ಕೂರುತ್ತಿದ್ದ ಮಹಾಗನಿ ಮರದ ಡೆಸ್ಕುಗಳನ್ನು ನ್ಯೂಯಾರ್ಕಿನ ಥಾಮಸ್ ಕಾನ್‌ಸ್ಟಂಟೈನ್ ಎಂಬ ಬಡಗಿ 1819ರಲ್ಲಿ, ಒಂದಕ್ಕೆ 34 ಡಾಲರಿನಂತೆ, ಮಾಡಿಕೊಟ್ಟಿದ್ದ. ಹುಡುಗನಿಗೂ ಡೆಸ್ಕುಗಳಿಗೂ ಒಂದೇ ವಯಸ್ಸು! ಸದಸ್ಯರಿಗೆ ಪ್ರತ್ಯೇಕ ಕಚೇರಿ ಎಂಬುದು ಇರಲಿಲ್ಲ. ಡೆಸ್ಕೇ ಅವರ ಕಚೇರಿ. ಪತ್ರ ಬರೆಯುವುದು, ದಫ್ತರ ಇಡುವುದು, ಪತ್ರಿಕೆ ಓದುವುದು ಎಲ್ಲ ಅಲ್ಲೇ. ಹಾಗಾಗಿ ಮಸಿಕುಡಿಕೆ ತುಂಬಿದೆಯೇ, ಬರೆದ ಮಸಿ ಒಣಗಲು ಉದುರಿಸುವ ಮರಳಿನ ಡಬ್ಬಿ ಖಾಲಿಯಾಗಿದೆಯೇ ಎಂದು ನೋಡುತ್ತಾ ಹುಡುಗರು ಡೆಸ್ಕಿನಿಂದ ಡೆಸ್ಕಿಗೆ ತಿರುಗಬೇಕಿತ್ತು. ಕೈಸನ್ನೆ ಕಂಡ ಕೂಡಲೇ ಓಡಬೇಕಿತ್ತು.

ಹುಡುಗ ಹೀಗೆ ಓಡಾಡುತ್ತಿದ್ದ ಆ ಕೋಣೆಯಲ್ಲಿ ಅಮೆರಿಕ ಒಡೆಯುವುದೋ ಉಳಿಯುವುದೋ ಎಂಬ ಮಾತು ನಡೆದಿತ್ತು. ವೆಬ್‌ಸ್ಟರ್, ಹೆನ್ರಿ ಕ್ಲೇ, ಜಾನ್ ಕ್ಯಾಲ್‌ಹೂನ್ ಈ ಮೂವರೂ ಆಗ ಅಲ್ಲಿದ್ದರು. ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವ ಹಕ್ಕು ಹೊಸ ರಾಜ್ಯಗಳಿಗೂ ಹಬ್ಬಬೇಕೇ ಬೇಡವೇ ಎಂಬುದು ಜಗಳದ ಬೇರು. 1850ರಲ್ಲಿ ಕ್ಯಾಲ್‌ಹೂನ್ ಎಷ್ಟು ಕಾಯಿಲೆ ಬಿದ್ದಿದ್ದರೆಂದರೆ ಅವರ ಭಾಷಣವನ್ನು ಮತ್ತೊಬ್ಬರು ಓದಬೇಕಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಮಿಸಿಸಿಪ್ಪಿಯ ಫೂಟ್ ಎಂಬ ಸದಸ್ಯ ಮಿಸೌರಿಯ ಬೆಂಟನ್ ಎಂಬ ಸದಸ್ಯನ ಮೇಲೆ ಸದನದಲ್ಲೇ ಪಿಸ್ತೂಲು ಎತ್ತಿದ. 1856ರಲ್ಲಿ ಗುಲಾಮಗಿರಿಯನ್ನು ಖಂಡಿಸಿ ಮಾತಾಡಿದ್ದಕ್ಕೆ ಚಾರ್ಲ್ಸ್ ಸಮ್ನರ್ ಅವರನ್ನು ಕೆಳಮನೆಯ ಸದಸ್ಯನೊಬ್ಬ ಬಂದು, ಡೆಸ್ಕಿನಲ್ಲಿ ಬರೆಯುತ್ತಾ ಕುಳಿತಿದ್ದಾಗಲೇ, ಬೆತ್ತದಿಂದ ಪ್ರಜ್ಞೆ ತಪ್ಪುವಂತೆ ಹೊಡೆದ. ಬ್ಯಾಸೆಟ್ ಕೆಲಸ ಮಾಡುತ್ತಿದ್ದ ಕೋಣೆಯಲ್ಲೇ ಇದೆಲ್ಲ ನಡೆದದ್ದು. ಹಿಂದಿನ ದಿನ ಅವರು ಮಸಿ ತುಂಬಿಸಿಟ್ಟ ಡೆಸ್ಕುಗಳ ನಡುವೆ.

ಅಷ್ಟು ಹೊತ್ತಿಗೆ ಅವರು ಹುಡುಗನಾಗಿ ಉಳಿದಿರಲಿಲ್ಲ. 1838ರಲ್ಲಿ ತಂದೆಯ ಹಾಗೆಯೇ ಮೆಸೆಂಜರ್ ಆಗಿದ್ದರು. ಈ ಕಾಲದ ಒಂದು ಸಣ್ಣ ಪ್ರಸಂಗ ನನಗೆ ಬಹಳ ಹಿಡಿಸಿತು. ಆಗಿನ ಸದಸ್ಯರಿಗೆ ನಶ್ಯದ ಚಟ. ನಶ್ಯದ ದೊಡ್ಡ ಪಾತ್ರೆಯೊಂದು ಅಧ್ಯಕ್ಷಪೀಠದ ಪಕ್ಕದಲ್ಲಿತ್ತು. ಸದಸ್ಯರು ಬಂದು ಒಂದು ಚಿಟಿಕೆ ಏರಿಸುವುದು, ಹಾಗೇ ನಿಂತು ಹರಟೆ ಹೊಡೆಯುವುದು ನಡೆದೇ ಇತ್ತು. ಉಪಾಧ್ಯಕ್ಷ ಮಿಲ್ಲರ್ಡ್ ಫಿಲ್‌ಮೋರ್ ಅವರಿಗೆ ಈ ಗದ್ದಲದಲ್ಲಿ ಕಲಾಪ ಕೇಳಿಸದಂತಾಯಿತು. ಅವರು ಬ್ಯಾಸೆಟ್‌ರನ್ನು ಕರೆದು ಆ ಪಾತ್ರೆಯನ್ನು ಅಲ್ಲಿಂದ ತೆಗೆಸಿದರು. ಬದಲಿಗೆ ಎರಡು ಪುಟ್ಟ ನಶ್ಯದ ಡಬ್ಬಿಗಳು ಪೀಠದ ಎರಡು ಪಕ್ಕಕ್ಕೆ ಬಂದವು. ನಶ್ಯ ಏರಿಸುವವರೇ ಇಲ್ಲದ ಈ ಕಾಲದಲ್ಲೂ ಸೆನೆಟ್ಟಿನಲ್ಲಿ ಆ ಡಬ್ಬಿಗಳ ಸಂಪ್ರದಾಯ ಹಾಗೇ ಉಳಿದಿದೆ. ನಮ್ಮ ಕಚೇರಿಗಳಲ್ಲೂ ಇಂಥವು ಎಷ್ಟು ಇಲ್ಲ!

1861ರ ಹೊತ್ತಿಗೆ ಬ್ಯಾಸೆಟ್ ಸಹಾಯಕ ದ್ವಾರಪಾಲಕರಾದರು. ಸೆನೆಟ್ ಎರಡು ವರ್ಷ ಮೊದಲೇ, 1859ರ ಜನವರಿಯಲ್ಲಿ, ಹೊಸ ಸಭಾಂಗಣಕ್ಕೆ ಬಂದಿತ್ತು. ಡೆಸ್ಕುಗಳೂ ಜೊತೆಗೆ ಬಂದಿದ್ದವು. 1861ರ ಜನವರಿ 21ರಂದು ಮಿಸಿಸಿಪ್ಪಿಯ ಸೆನೆಟರ್ ಜೆಫರ್ಸನ್ ಡೇವಿಸ್ ತಮ್ಮ ಡೆಸ್ಕಿನ ಬಳಿ ನಿಂತು ವಿದಾಯ ಹೇಳಿ ಹೊರನಡೆದರು. ಅವರ ರಾಜ್ಯ ಒಕ್ಕೂಟ ಬಿಟ್ಟಿತ್ತು. ಕೆಲವೇ ವಾರಗಳಲ್ಲಿ ಗುಲಾಮಗಿರಿಯ ಪರವಾದ ದಕ್ಷಿಣದ ಬಂಡಾಯ ಒಕ್ಕೂಟಕ್ಕೆ ಅವರೇ ಅಧ್ಯಕ್ಷರಾದರು. ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು.

ರಾಜಧಾನಿಯನ್ನು ಕಾಯಲು ಉತ್ತರದ ಸೈನಿಕರು ಬಂದರು. ಮ್ಯಾಸಚೂಸೆಟ್ಸ್‌ನ ಆರನೆಯ ದಳ ಏಪ್ರಿಲ್ 19ರಂದು ದಾರಿಯಲ್ಲಿ ಬಾಲ್ಟಿಮೋರ್ ನಗರ ದಾಟುವಾಗ ಅಲ್ಲಿನ ಗುಂಪು ಅವರ ಮೇಲೆ ಬಿದ್ದು ನಾಲ್ವರು ಸೈನಿಕರನ್ನು ಕೊಂದಿತ್ತು. ಉಳಿದವರು ವಾಷಿಂಗ್ಟನ್ ತಲುಪಿದಾಗ ಅವರಿಗೆ ಇಳಿದುಕೊಳ್ಳಲು ಕೊಟ್ಟ ಜಾಗ ಸೆನೆಟ್ ಸಭಾಂಗಣ. ಆ ಮಹಾ ಕಟ್ಟಡದ ನೆಲಮಾಳಿಗೆಯಲ್ಲಿ ಸೈನ್ಯಕ್ಕಾಗಿ ಬ್ರೆಡ್ ಸುಡುವ ಒಲೆಗಳನ್ನು ಕಟ್ಟಿದರು. ಶಾಸನ ಮಾಡುವ ಜಾಗ ಛಾವಣಿಯಾಯಿತು.

ಒಂದು ದಿನ ಬ್ಯಾಸೆಟ್ ಅವರಿಗೆ ಸಭಾಂಗಣದ ಒಳಗಿನಿಂದ ಮರ ಸೀಳುವ ಸದ್ದು ಕೇಳಿಸಿತು. ಓಡಿಬಂದು ನೋಡಿದರೆ ಮ್ಯಾಸಚೂಸೆಟ್ಸ್‌ನ ಸೈನಿಕರು ಬಂದೂಕಿನ ಬಾಯೊನೆಟ್ಟಿನಿಂದ ಒಂದು ಡೆಸ್ಕನ್ನು ಚುಚ್ಚುತ್ತಿದ್ದರು, ಸೀಳುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದಾಗ ಇದು ಆ ದ್ರೋಹಿ ಡೇವಿಸ್‌ನ ಡೆಸ್ಕು, ಚೂರು ಚೂರು ಮಾಡುತ್ತೇವೆ ಎಂದರು. ಬ್ಯಾಸೆಟ್ ಕೈಯಲ್ಲಿ ಆಯುಧವಿರಲಿಲ್ಲ, ಹಿಂದೆ ಪೊಲೀಸರಿರಲಿಲ್ಲ. ಅವರು ಹೇಳಿದ್ದು ಇಷ್ಟೇ: ಈ ಡೆಸ್ಕು ಡೇವಿಸ್‌ನದಲ್ಲ, ಸರ್ಕಾರದ್ದು. ನಿಮ್ಮನ್ನು ಇಲ್ಲಿಗೆ ಕಳಿಸಿರುವುದು ಸರ್ಕಾರದ ಸ್ವತ್ತನ್ನು ಕಾಯಲು, ಹಾಳುಮಾಡಲು ಅಲ್ಲ. ಸೈನಿಕರು ನಿಲ್ಲಿಸಿದರು.

ಈ ಭಾಗವನ್ನು ನಾನು ಮೂರು ನಾಲ್ಕು ಸಲ ಓದಿದೆ. ಸೈನಿಕರ ಕೋಪ ಸುಳ್ಳು ಕೋಪವಲ್ಲ. ಅವರ ರಾಜ್ಯದ ನಾಲ್ಕು ಜನ ಆಗಷ್ಟೇ ಸತ್ತಿದ್ದರು. ಡೇವಿಸ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವರು, ಆ ಪದ್ಧತಿ ಉಳಿಸಲು ದೇಶ ಒಡೆದವರು. ಅಂಥವರ ಡೆಸ್ಕು ಉಳಿದರೇನು, ಹೋದರೇನು ಎಂದು ನನ್ನ ಗೆಳೆಯನೊಬ್ಬ ವಾದಿಸಿದ. ನಾನು ಬ್ಯಾಸೆಟ್ ಪಕ್ಷ. ಮನುಷ್ಯ ಹೋದ ಮೇಲೆ ಉಳಿಯುವ ಕುರ್ಚಿ ಆ ಮನುಷ್ಯನದಲ್ಲ ಎಂಬ ತಿಳಿವಳಿಕೆ ಅಲ್ಲಿದ್ದ ಎಷ್ಟೋ ದೊಡ್ಡವರಿಗೆ ಇರಲಿಲ್ಲ, ಅವರಿಗಿತ್ತು. ಒಂಬತ್ತು ವರ್ಷಗಳ ಮೇಲೆ, 1870ರ ಫೆಬ್ರವರಿ 25ರಂದು, ಅದೇ ಮಿಸಿಸಿಪ್ಪಿ ರಾಜ್ಯದಿಂದ ಹೈರಮ್ ರೆವೆಲ್ಸ್ ಎಂಬ ಕಪ್ಪು ಮನುಷ್ಯ ಆರಿಸಿ ಬಂದು ಸೆನೆಟ್ಟಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. ಸೆನೆಟ್ ಸೇರಿದ ಮೊದಲ ಕಪ್ಪು ಸದಸ್ಯ ಅವರೇ. ಆ ದಿನವೂ ಸಹಾಯಕ ದ್ವಾರಪಾಲಕರು ಬ್ಯಾಸೆಟ್ಟೇ.

ಇನ್ನು ಗಡಿಯಾರದ ವಿಷಯ. ಆಗೆಲ್ಲ ಕಾಂಗ್ರೆಸ್ಸಿನ ಅವಧಿ ಎರಡು ವರ್ಷಕ್ಕೊಮ್ಮೆ ಮಾರ್ಚ್ 4ರ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತಿತ್ತು. ಹನ್ನೆರಡು ಹೊಡೆದರೆ ಪಾಸಾಗದೆ ಉಳಿದ ಮಸೂದೆಗಳೆಲ್ಲ ಸತ್ತಂತೆ. ನಮ್ಮಲ್ಲಿ ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ಕೈ ಓಡುವ ಹಾಗೆ ಸದನವೂ ಕೊನೆಯ ಗಳಿಗೆಯಲ್ಲಿ ಓಡುತ್ತಿತ್ತು. ಓಡಿದರೂ ಮುಗಿಯದಿದ್ದರೆ ಬ್ಯಾಸೆಟ್ ಒಂದು ಉದ್ದನೆಯ ಕೋಲು ತಂದು, ಎಲ್ಲರೂ ನೋಡುತ್ತಿರುವಂತೆಯೇ, ಸಭಾಂಗಣದ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಳ್ಳುತ್ತಿದ್ದರು. ಸದನಕ್ಕೆ ಇನ್ನೂ ಹನ್ನೆರಡಾಗಿಲ್ಲ ಎಂದಾಗುತ್ತಿತ್ತು. ಮಸೂದೆ ಪಾಸಾಗುತ್ತಿತ್ತು. ಇದು ಎಷ್ಟು ಹೆಸರಾಯಿತೆಂದರೆ ಸಚಿತ್ರ ಪತ್ರಿಕೆಗಳಲ್ಲಿ ಅದರ ಚಿತ್ರವೂ ಬಂತು.

ಓದಿ ನಗು ಬಂತು, ಆಮೇಲೆ ಯೋಚನೆಯೂ ಬಂತು. ಸೈನಿಕರ ಮುಂದೆ ಸರ್ಕಾರಿ ಸ್ವತ್ತಿನ ನಿಯಮ ಹೇಳಿದ ಮನುಷ್ಯರೇ ಇಲ್ಲಿ ಸಂವಿಧಾನದ ಗಂಟೆಯನ್ನು ಹಿಂದಕ್ಕೆ ತಿರುಗಿಸುತ್ತಿದ್ದಾರಲ್ಲ? ಸದನದ ಎಲ್ಲರೂ ಒಪ್ಪಿ ಹೇಳಿದ ಸುಳ್ಳು ಅದು, ಕೋಲು ಮಾತ್ರ ನೌಕರನ ಕೈಯಲ್ಲಿತ್ತು. ದೊಡ್ಡವರಿಗೆ ಬೇಕಾದ ಕೆಲಸವನ್ನು ಚಿಕ್ಕ ನೌಕರನ ಕೈಯಿಂದ ಮಾಡಿಸುವುದು ಯಾವ ದೇಶದಲ್ಲೂ ಹೊಸದಲ್ಲ. ನಮ್ಮ ಅಬ್ಬಾ ಒಂದು ಸರ್ಕಾರಿ ಕಚೇರಿಯಲ್ಲಿ ದಲಾಯತ. ಈ ಪ್ರಸಂಗ ಹೇಳಿದಾಗ ಅವರು ನಗಲಿಲ್ಲ. ಸಹಿ ಯಾರದು ಎಂದು ಮಾತ್ರ ಕೇಳಿದರು. ಸಹಿ ಇರಲಿಲ್ಲ ಅಬ್ಬಾ, ಗಡಿಯಾರವಷ್ಟೇ ಎಂದೆ. ಹಾಗಾದರೆ ಪರವಾಗಿಲ್ಲ ಎಂದರು.

ಅಬ್ಬಾರ ಸುದ್ದಿ ಬಂತು, ಇದನ್ನೂ ಹೇಳಿಬಿಡುತ್ತೇನೆ. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಸಾಲು ಇರುತ್ತದಲ್ಲ, ಅಲ್ಲಿ ಸರ್ಕಾರಿ ನೌಕರ ಎಂದು ಬರೆ ಎಂದು ಹಲವರು ನನಗೆ ಹೇಳಿದ್ದುಂಟು. ನಾನು ದಲಾಯತ ಎಂದೇ ಬರೆಯುತ್ತೇನೆ. ಕಚೇರಿಯಲ್ಲಿ ಯಾವ ಫೈಲು ಯಾವ ಬೀರುವಿನ ಯಾವ ಅರೆಯಲ್ಲಿದೆ ಎಂದು ವರ್ಗವಾಗಿ ಬರುವ ಸಾಹೇಬರುಗಳಿಗೆ ತೋರಿಸಿಕೊಡುವವರು ಅವರೇ. ಬ್ಯಾಸೆಟ್‌ರ ಕೆಲಸವೂ ಇದೇ ಜಾತಿಯದು. ಸದಸ್ಯರು ಬರುತ್ತಿದ್ದರು, ಸೋಲುತ್ತಿದ್ದರು, ಹೋಗುತ್ತಿದ್ದರು. ಹೊಸಬರಿಗೆ ಹಿಂದೆ ಹೇಗೆ ನಡೆದಿತ್ತು ಎಂದು ಗೊತ್ತಾಗಬೇಕಾದರೆ ಬ್ಯಾಸೆಟ್‌ರನ್ನೇ ಕೇಳಬೇಕಿತ್ತು.

ಬ್ಯಾಸೆಟ್‌ರ ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಬ್ಬ ಪೇಜ್ ಇದ್ದಾನೆ. ಮೇರಿಲ್ಯಾಂಡಿನ ಆರ್ಥರ್ ಪ್ಯೂ ಗೋರ್ಮನ್. 1839ರಲ್ಲಿ ಹುಟ್ಟಿದವನು, 1852ರಲ್ಲಿ ಪೇಜ್ ಆಗಿ ಸೆನೆಟ್ಟಿಗೆ ಬಂದ. ಆಗ ಬ್ಯಾಸೆಟ್ ಮೂವತ್ತು ದಾಟಿದ ಮೆಸೆಂಜರ್. ಹುಡುಗ ಚುರುಕು. ಸ್ಟೀಫನ್ ಡಗ್ಲಸ್ ಎಂಬ ಪ್ರಭಾವಿ ಸೆನೆಟರನ ಪ್ರೀತಿ ಗಳಿಸಿದ. ಸೆನೆಟ್ಟಿನ ಅಂಚೆ ಅಧಿಕಾರಿಯಾದ, ಆಮೇಲೆ ರಾಜಕೀಯಕ್ಕೆ ಇಳಿದ, 1881ರಲ್ಲಿ ಅದೇ ಸೆನೆಟ್ಟಿಗೆ ಸದಸ್ಯನಾಗಿಯೇ ಬಂದು ಕುಳಿತ. ತಾನು ಹಿಂದೆ ಯಾರ ಕೈಸನ್ನೆಗೆ ಓಡುತ್ತಿದ್ದನೋ ಅವರ ಸಾಲಿನಲ್ಲಿ ಅವನಿಗೂ ಡೆಸ್ಕು ಸಿಕ್ಕಿತು, ಮುಂದೆ ತನ್ನ ಪಕ್ಷದ ನಾಯಕನೂ ಆದ. ನಮ್ಮಲ್ಲಿ ಯಾರನ್ನೇ ಕೇಳಿ, ಎಲ್ಲರಿಗೂ ಗೋರ್ಮನ್ ಆಗಬೇಕು. ಭಾಷಣ ಸ್ಪರ್ಧೆಗಳಲ್ಲಿ ನಾವು ಹೇಳುವ ಕಥೆಗಳೆಲ್ಲ ಗೋರ್ಮನ್‌ಗಳ ಕಥೆಗಳೇ.

ಅದೇ 1881ರ ಡಿಸೆಂಬರ್ 5ಕ್ಕೆ ಬ್ಯಾಸೆಟ್ ಕೆಲಸಕ್ಕೆ ಸೇರಿ ಐವತ್ತು ವರ್ಷ ತುಂಬಿತು. ಸದಸ್ಯರೆಲ್ಲ ಸೇರಿ ಅವರಿಗೊಂದು ಬೆಳ್ಳಿಯ ನಶ್ಯದ ಡಬ್ಬಿ ಉಡುಗೊರೆ ಕೊಟ್ಟರು. ಗೋರ್ಮನ್ ಆಗ ಸೆನೆಟ್ ಸದಸ್ಯ, ಬ್ಯಾಸೆಟ್ ಬಾಗಿಲಲ್ಲಿ. ಇಬ್ಬರ ಮನಸ್ಸಿನಲ್ಲಿ ಆ ದಿನ ಏನು ಬಂದಿತ್ತೋ ಯಾರೂ ಬರೆದಿಟ್ಟಿಲ್ಲ.

ಆ ಮೇಲೂ ಹದಿನಾಲ್ಕು ವರ್ಷ ಅವರು ಕೆಲಸ ಬಿಡಲಿಲ್ಲ. ಆಂಡ್ರ್ಯೂ ಜಾಕ್ಸನ್ ಅವರಿಂದ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರವರೆಗೆ ಹದಿನೇಳು ಮಂದಿ ಅಧ್ಯಕ್ಷರನ್ನು ಅವರ ನೌಕರಿ ಕಂಡಿತು. ನಲವತ್ತೆಂಟು ಇದ್ದ ಸದಸ್ಯಸ್ಥಾನಗಳು ಎಂಬತ್ತೆಂಟಾದವು. ಎಣ್ಣೆದೀಪ ಹೋಗಿ ಗ್ಯಾಸ್ ದೀಪ ಬಂತು, ಅದೂ ಹೋಗಿ ವಿದ್ಯುತ್ ಬಂತು. 1895ರ ಡಿಸೆಂಬರ್ 18ರಂದು ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗಲೂ ಹುದ್ದೆ ಅದೇ, ಸಹಾಯಕ ದ್ವಾರಪಾಲಕ. ಒಟ್ಟು ಅರವತ್ತನಾಲ್ಕು ವರ್ಷ.

ಪೇಜ್ ಪದ್ಧತಿ ಅವರ ನಂತರ ಬಹಳ ಬದಲಾಗಿದೆ. ಹೆಣ್ಣುಮಕ್ಕಳಿಗೆ ಸೆನೆಟ್ಟಿನ ಪೇಜ್ ಆಗಲು ಬಾಗಿಲು ತೆರೆದದ್ದು 1971ರಲ್ಲಿ ಮಾತ್ರ. ಅದಕ್ಕೆ ಮುಂಚೆ ಹುಡುಗಿಯರಿಗೆ ಈ ಕೆಲಸ ಆಗದು ಎಂದು ಸದಸ್ಯರು ಗಂಭೀರವಾಗಿ ಚರ್ಚಿಸಿದ್ದಾರೆ ಎಂದರೆ ನಮ್ಮ ಕಾಲೇಜಿನ ಗೆಳತಿಯರು ನಗಬಹುದು. ಕೆಳಮನೆಯಲ್ಲಿ 1954ರ ಮಾರ್ಚ್ 1ರಂದು ಗ್ಯಾಲರಿಯಿಂದ ಗುಂಡು ಹಾರಿಸಿ ಐವರು ಸದಸ್ಯರನ್ನು ಗಾಯಗೊಳಿಸಿದಾಗ ಅವರನ್ನು ಸ್ಟ್ರೆಚರಿನಲ್ಲಿ ಹೊತ್ತು ಹೊರಗೆ ತಂದವರಲ್ಲಿ ಪೇಜ್ ಹುಡುಗರೂ ಇದ್ದರು. ಅವರಲ್ಲಿ ಪಾಲ್ ಕಾಂಜೋರ್ಸ್ಕಿ, ಬಿಲ್ ಎಮರ್ಸನ್ ಇಬ್ಬರೂ ದೊಡ್ಡವರಾದ ಮೇಲೆ ಅದೇ ಮನೆಯ ಸದಸ್ಯರಾದರು. ಆದರೆ ಕೆಳಮನೆ 2011ರಲ್ಲಿ ಪೇಜ್ ಪದ್ಧತಿಯನ್ನೇ ನಿಲ್ಲಿಸಿತು. ಖರ್ಚು ಹೆಚ್ಚು, ಸಂದೇಶಗಳೆಲ್ಲ ಈಗ ಮೊಬೈಲಿನಲ್ಲೇ ಹೋಗುತ್ತವೆ ಎಂಬುದು ಕಾರಣ. ಸೆನೆಟ್ ಮಾತ್ರ ಇನ್ನೂ ಮೂವತ್ತರಷ್ಟು ವಿದ್ಯಾರ್ಥಿಗಳನ್ನು ಇಟ್ಟುಕೊಂಡಿದೆ. ಅವರು ವೆಬ್‌ಸ್ಟರ್ ಹೆಸರಿನ ಹಾಸ್ಟೆಲಿನಲ್ಲಿ ಇದ್ದು, ಬೆಳಿಗ್ಗೆಯೇ ತರಗತಿ ಮುಗಿಸಿಕೊಂಡು ಸದನಕ್ಕೆ ಹೋಗುತ್ತಾರೆ.

ಡೇವಿಸ್‌ರ ಆ ಡೆಸ್ಕು ಈಗಲೂ ಬಳಕೆಯಲ್ಲಿದೆ. ಅದರಲ್ಲಿ ಮಿಸಿಸಿಪ್ಪಿಯ ಹಿರಿಯ ಸೆನೆಟರೇ ಕೂರಬೇಕೆಂದು ಸೆನೆಟ್ 1995ರಲ್ಲಿ ಠರಾವು ಮಾಡಿಕೊಂಡಿದೆ. ಬಾಯೊನೆಟ್ ತಗುಲಿದ ಜಾಗಕ್ಕೆ ಒಂದು ಮರದ ತುಂಡನ್ನು ಕೂರಿಸಿ ತೇಪೆ ಹಾಕಿದ್ದಾರೆ, ಬರಿಗಣ್ಣಿಗೆ ಕಾಣುತ್ತದೆ.

ಬ್ಯಾಸೆಟ್ ತಾವು ಕಂಡದ್ದನ್ನೆಲ್ಲ ಪುಸ್ತಕ ಮಾಡಬೇಕೆಂದು ಬರೆದಿಡುತ್ತಾ ಬಂದಿದ್ದರು. ಬಾಯೊನೆಟ್ಟಿನ ಕಥೆ, ನಶ್ಯದ ಪಾತ್ರೆಯ ಕಥೆ ನಮಗೆ ಗೊತ್ತಾಗಿರುವುದು ಆ ಬರಹದಿಂದಲೇ. ಪುಸ್ತಕ ಮುಗಿಯಲಿಲ್ಲ. ಬಿಡಿ ಬಿಡಿ ಹಾಳೆಗಳಲ್ಲಿದ್ದ ಆ ಕೈಬರಹ ಅವರ ಮನೆಯವರ ಬಳಿಯೇ ಬಹುಕಾಲ ಉಳಿದು, ಕೊನೆಗೆ ಸೆನೆಟ್ಟಿನ ಸಂಗ್ರಹಕ್ಕೆ ಬಂದು ಸೇರಿತು. ಮೊದಲ ದಿನ ಕೆಲಸಕ್ಕೆ ಬಂದ ಹನ್ನೆರಡರ ಹುಡುಗನ ನೆನಪೂ ಅದರಲ್ಲೇ ಇದೆ.